ನೂರಿಪ್ಪತ್ತು ಡಿಗ್ರಿ ಬಾಗಿಲು

ನಾನು ಆಟ ಆಡುತ್ತಿರಲಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಮೂಡಲಗಿಯಲ್ಲಿ ನನ್ನ ಬಗ್ಗೆ ಯಾರನ್ನೇ ಕೇಳಿದರೂ, "ಡ್ರಾಯಿಂಗ್ ಸರ್ ಅಲ್ರಿ? ಪಾಪ, ರಿಟೈರ್ ಆಗೂ ವಯಸ್ಸಿನ್ಯಾಗ ವಿಡಿಯೋ ಗೇಮ್ ಹಚ್ಚಿಕೊಂಡ ಕುಂತಾರ" ಎನ್ನುತ್ತಾರೆ. ನನಗೆ ಇನ್ನೂ ಐವತ್ತೆರಡು. ರಿಟೈರ್ ಆಗಲು ಎಂಟು ವರ್ಷ ಬಾಕಿ ಇದೆ. ಮತ್ತು ಅದು ಗೇಮ್ ಅಲ್ಲ, ಫ್ಲೈಟ್ ಸಿಮ್ಯುಲೇಟರ್. ನಿಜವಾದ ಪೈಲಟ್‌ಗಳೂ ಮೊದಲು ಅಂಥದರಲ್ಲೇ ಕಲಿಯುತ್ತಾರೆ. ಗೇಮಿನಲ್ಲಿ ಸತ್ತರೆ ಇನ್ನೂ ಎರಡು ಜೀವ ಉಳಿದಿರುತ್ತವೆ. ಇದರಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಲೆಕ್ಕ ಹಾಕದಿದ್ದರೆ, ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಹಿಡಕಲ್ ಡ್ಯಾಮು ಹುಡುಕಿಕೊಂಡು ಹೊರಟವನು ಗೋವೆಯ ಸಮುದ್ರದ ಮೇಲೆ ಪೆಟ್ರೋಲು ಮುಗಿಸಿಕೊಂಡು ಕೂರುತ್ತಾನೆ. ನಾನು ಹಾಗೆ ಎರಡು ಸಲ ಕೂತಿದ್ದೇನೆ.

ಈ ವಿದ್ಯೆಗೆ ಬೇಕಾದ ಕೋಲು, ಪೆಡಲು, ಹಿಡಿಕೆಗಳನ್ನು ಅಂಗಡಿಯಲ್ಲಿ ಕೊಳ್ಳುವವರು ಕೊಳ್ಳಲಿ. ನಾನು ಡ್ರಾಯಿಂಗ್ ಮಾಸ್ತರ, ಕೈಯಲ್ಲಿ ಕಲೆ ಇದ್ದವನು. ವಿಮಾನದ ಮೂತಿಯನ್ನು ಎತ್ತಿ ಇಳಿಸುವ ಕೋಲನ್ನು ಹೊಲಕ್ಕೆ ನೀರು ಹಾಯಿಸುವ ಪೈಪಿನ ತುಂಡಿನಿಂದ ಮಾಡಿದೆ. ಇಂಜಿನ್ನಿನ ವೇಗ ಏರಿಸಿ ಇಳಿಸುವ ಹಿಡಿಕೆ, ಕಬ್ಬಿಗೆ ಔಷಧ ಹೊಡೆಯುವ ಪಂಪಿನದು. ಕಾಲಿನಿಂದ ತುಳಿಯುವ ಪೆಡಲು, ನನ್ನ ಹೆಂಡತಿ ಶೋಭಾಳ ಹೊಲಿಗೆ ಮಷೀನಿನದು. ಗ್ಯಾಸ್ ವೆಲ್ಡಿಂಗಿನವನ ಹತ್ತಿರ ಎರಡಾಗಿ ಕೊಯ್ಯಿಸಿದ್ದೆ. ಅವಳು ಮಷೀನಿಗೆ ಮೋಟಾರು ಹಾಕಿಸಿ ವರ್ಷವಾಗಿತ್ತು. ಪೆಡಲು ಸುಮ್ಮನೆ ಬಿದ್ದಿತ್ತು. ಆದರೂ ಬೈಗುಳ ತಪ್ಪಲಿಲ್ಲ.

"ಮೋಟಾರ ಹಾಕ್ಸೀನಿ ಅಂದ್ರ ಪೆಡಲ ಕೊಯ್ರಿ ಅಂತ ಅರ್ಥ ಏನ್ರಿ? ನಾಳೆ ಕರೆಂಟ್ ಹೋದ್ರ ನಿಮ್ಮ ಇಮಾನ ಬಂದು ಜಂಪರ ಹೊಲೀತೈತೇನು?"

ಕೋಲು ಎಷ್ಟು ವಾಲಿತು ಎಂದು ಕಂಪ್ಯೂಟರಿಗೆ ತಿಳಿಯಬೇಕಲ್ಲ, ಅದಕ್ಕಾಗಿ ಶಾಲೆಯಲ್ಲಿ ಕೆಟ್ಟು ಬಿದ್ದಿದ್ದ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಒಡೆದು ಎರಡು ಅಯಸ್ಕಾಂತ ತೆಗೆದೆ. ಕೋಲಿನ ಬುಡದಲ್ಲಿ ಅಯಸ್ಕಾಂತ, ಅದರ ಎದುರಿಗೆ ಒಂದು ಪುಟ್ಟ ಸೆನ್ಸರು. ನೋಡಲು ಹೆಬ್ಬೆರಳಿನಷ್ಟಿದ್ದರೂ ಅವು ರೊಟ್ಟಿ ಹಂಚಿಗೆ ಅಂಟಿಕೊಂಡರೆ ಶೋಭಾ ಒಂದು ಕಡೆ, ನಾನು ಒಂದು ಕಡೆ ಹಿಡಿದು ಜಗ್ಗಬೇಕು. ಜಗ್ಗಿದ್ದೇವೆ.

ಇಷ್ಟು ಕಷ್ಟಪಟ್ಟು ಕಟ್ಟಿದ ಮೇಲೆ ಊರು ಏನಾದರೂ ಗೌರವ ಕೊಟ್ಟಿತೆ? ಎದುರು ಮನೆಯ ಕೆಂಪವ್ವ ಒಂದು ದಿನ ಬಂದು ಹಿಂದೆ ನಿಂತು ನೋಡಿದಳು. ದಡ್ಡಿ ಎಂಬ ಊರಿಗೆ ಕೊಟ್ಟ ತನ್ನ ಮಗಳ ಮನೆ ತೋರಿಸು ಎಂದಳು. ನಾನು ನಕ್ಷೆ ಬಿಡಿಸಿ, ಕೋನಮಾಪಕ ಇಟ್ಟು, ಗಾಳಿಯ ಲೆಕ್ಕ ಹಾಕಿ, ಅರ್ಧ ತಾಸು ಹಾರಿ ಸರಿಯಾಗಿ ದಡ್ಡಿಯ ಮೇಲೆ ತಂದು ನಿಲ್ಲಿಸಿದೆ. ಪರದೆಯ ಮೇಲೆ ಬರೀ ಹಸಿರು ಕಾಣುತ್ತಿತ್ತು, ನಡುವೆ ಒಂದು ನೀಲಿ ಗೆರೆ, ಅದು ಘಟಪ್ರಭೆ. ಕೆಂಪವ್ವ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಹುಡುಕಿದಳು.

"ಇಷ್ಟ ದೊಡ್ಡ ಊರ ನುಂಗಿ ನೀರ ಕುಡದೈತಲ್ರಿ ನಿಮ್ಮ ಇಮಾನ. ನನ್ನ ಮಗಳ ಅಲ್ಲೇ ಅದಾಳ, ಮುಂಜಾನಿ ಫೋನ್ ಮಾಡಿದ್ಲು."

ಅಂದಿನಿಂದ ಓಣಿಯಲ್ಲಿ ಎದುರಾದವರೆಲ್ಲ, "ಸರ್ರ, ಇವತ್ತ ಎಲ್ಲಿ ಇಳಿಸಿದ್ರಿ?" ಎಂದು ಕೇಳತೊಡಗಿದರು. ಕೇಳಿದವರಿಗೆ ಉತ್ತರ ಬೇಕಾಗಿರಲಿಲ್ಲ, ನಗು ಬೇಕಾಗಿತ್ತು. ನಾನು ಸಾಂಬ್ರಾದಲ್ಲಿ ನಲವತ್ತೊಂದು ಸಲ ವಿಮಾನ ಇಳಿಸಿದ್ದೇನೆ, ಅದರಲ್ಲಿ ಹನ್ನೊಂದು ಸಲ ಚಕ್ರದ ಮೇಲೆ. ಒಬ್ಬನೇ ಒಬ್ಬನೂ ನಂಬಲಿಲ್ಲ. ಇರಲಿ ಎಂದು ನಾನು ವಿದ್ಯೆಯನ್ನು ಇನ್ನೂ ಗಟ್ಟಿ ಮಾಡಿಕೊಂಡೆ. ನಮ್ಮ ಜನ ತಿಳಿದಂತೆ ದಿಕ್ಕು ಎಂದರೆ ನಾಲ್ಕೋ ಎಂಟೋ ಅಲ್ಲ, ಮುನ್ನೂರ ಅರವತ್ತು ಡಿಗ್ರಿ. ಉತ್ತರ ಸೊನ್ನೆ, ಪೂರ್ವ ತೊಂಬತ್ತು, ದಕ್ಷಿಣ ನೂರಾ ಎಂಬತ್ತು. ಭೂಗೋಳದ ಮಾಸ್ತರರಿಂದ ಒಂದು ದಿಕ್ಸೂಚಿ ಇಸಿದುಕೊಂಡು, ಕೊರಳಿಗೆ ದಾರ ಕಟ್ಟಿ ಹಾಕಿಕೊಂಡು ತಿರುಗಿದೆ. ಸಂಡಾಸಕ್ಕೆ ಹೋಗುವಾಗಲೂ ಎಷ್ಟು ಡಿಗ್ರಿಗೆ ಹೊರಟೆ ಎಂದು ನನಗೆ ಗೊತ್ತಿರುತ್ತಿತ್ತು.

ಬೇಸಿಗೆ ರಜೆ. ಮೇ ತಿಂಗಳ ಒಂದು ಸೋಮವಾರ ಕೋಲಿನ ಬುಡ ಸಡಿಲಾಯಿತು. ಅಳತೆಗೆ ಸರಿಯಾದ ಕೊಳವೆ ಸಂಕೇಶ್ವರದ ಗುಜರಿ ಅಂಗಡಿಗಳಲ್ಲಿ ಸಿಗುತ್ತದೆ ಎಂದು ಕೇಳಿ, ಅಳತೆ ನೋಡಲೆಂದು ಎರಡೂ ಅಯಸ್ಕಾಂತಗಳನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಹೊರಟೆ. ದಾರಿಯಲ್ಲೇ ಹುಕ್ಕೇರಿ. ಅಲ್ಲಿ ನನ್ನ ಅಕ್ಕ ಯಲ್ಲವ್ವ ಇದ್ದಾಳೆ. ಗುರುವಾರ ಅವಳ ಹೊಸ ಮನೆಯ ಪ್ರವೇಶ. ಶೋಭಾ ಕೊಟ್ಟ ಸೀರೆಯ ಗಂಟು ಕೊಟ್ಟು ಮುಂದೆ ಹೋಗೋಣವೆಂದು ಇಳಿದೆ.

ಅಕ್ಕನ ವಿಷಯ ಒಂದು ಮಾತು ಹೇಳಬೇಕು. ಹನ್ನೊಂದು ವರ್ಷ ಅವಳು ಬಾಡಿಗೆಯ ಮೇಲಂತಸ್ತಿನ ಮನೆಯಲ್ಲಿದ್ದಳು. ನಳ ಕೆಳಗೆ, ಮನೆ ಮೇಲೆ, ನಡುವೆ ಇಪ್ಪತ್ತೆರಡು ಮೆಟ್ಟಿಲು. ದಿನಾ ಹತ್ತು ಕೊಡ ನೀರು ಹೊತ್ತು ಹೊತ್ತು ಅವಳ ಎರಡೂ ಮೊಣಕಾಲು ಹೋಗಿದ್ದವು. ಈಗ ಊರ ಹೊರಗಿನ ಹೊಸ ಬಡಾವಣೆಯಲ್ಲಿ ಸ್ವಂತ ಮನೆ ಎದ್ದಿತ್ತು, ನೆಲದ ಮೇಲೆ, ನಳ ಅಡುಗೆಮನೆಯ ಒಳಗೆ. ಬಾಡಿಗೆ ಮನೆಗೆ ಶುಕ್ರವಾರ ಬೇರೆಯವರು ಬರುವವರಿದ್ದರು. ಗುರುವಾರದ ಮುಹೂರ್ತ ತಪ್ಪಿದರೆ ಮತ್ತೆ ಶ್ರಾವಣದವರೆಗೆ ಒಳ್ಳೆಯ ದಿನ ಇಲ್ಲವೆಂದು ಅಯ್ಯನವರು ಹೇಳಿದ್ದರು. ಅಕ್ಕ ಪಾತ್ರೆಗಳನ್ನೆಲ್ಲ ಆಗಲೇ ಮೂಟೆ ಕಟ್ಟಿ ಹೊಸ ಅಡುಗೆಮನೆಯಲ್ಲಿ ತಂದಿಟ್ಟಿದ್ದಳು.

ಹೊಸ ಮನೆಯ ಕಟ್ಟೆಯ ಮೇಲೆ ಮೂವರು ಕೂತಿದ್ದರು. ಅಕ್ಕನ ಗಂಡ ಪರಪ್ಪ ಮಾಮಾ, ಹುಕ್ಕೇರಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವರು. ಬಾಜೂ ಮನೆಯ ಸಿದ್ರಾಯ, ಹೊಲದ ಜೊತೆಗೆ ಆಡು ಕುರಿ ಸಾಕಿದವನು. ಮನೆ ಕಟ್ಟಿದ ಗೌಂಡಿ ಯಲ್ಲಾರಿ. ನನ್ನ ಕೊರಳಲ್ಲಿದ್ದ ದಿಕ್ಸೂಚಿ ನೋಡಿದ್ದೇ ಮಾಮಾನ ಮುಖ ಅರಳಿತು.

"ಬರ್ರಿ ಪೈಲಟ್ ಸಾಹೇಬ್ರ. ಇಮಾನ ಎಲ್ಲಿ ಹಚ್ಚಿ ಬಂದ್ರಿ, ಕಬ್ಬಿನಾಗೋ ರಸ್ತಾದಾಗೋ?"

ಸಿದ್ರಾಯ ನಕ್ಕ ರಭಸಕ್ಕೆ ಅವನು ಕುಡಿಯುತ್ತಿದ್ದ ಚಹಾ ಮೂಗಿನಿಂದ ಬಂತು. ಬಂದ ನೆಂಟನಿಗೆ ಇನ್ನೂ ಒಂದು ತಂಬಿಗೆ ನೀರು ಕೊಟ್ಟಿಲ್ಲ, ಅಷ್ಟರಲ್ಲಿ ಈ ಮರ್ಯಾದೆ. ನನ್ನ ಮೈ ಉರಿಯಿತು.

"ನಗೂದ ಬಿಡ್ರಿ ಮಾಮಾ. ನಿಮ್ಮ ಬಾಗಲ ಎಷ್ಟ ಡಿಗ್ರಿ ಐತಿ, ಅದನ್ನ ಹೇಳ್ರಿ ನೋಡೂಣು."

"ಡಿಗ್ರಿ ನೋಡಾಕ ಬಾಗಲಕ್ಕೇನ ಜ್ವರಾ ಬಂದಾವೇನೋ? ಪೂರ್ವಕ್ಕ ಐತಿ. ವಾಸ್ತು ನೋಡಿಸೇ ಇಟ್ಟೀನಿ."

ನಾನು ಹೊಸ್ತಿಲ ಮೇಲೆ ಹೋಗಿ ಹೊರಗೆ ಮುಖ ಮಾಡಿ ನಿಂತೆ. ದಿಕ್ಸೂಚಿಯನ್ನು ಎದೆಯ ಮಟ್ಟಕ್ಕೆ, ಅಲುಗಾಡದ ಹಾಗೆ ಮೈಗೆ ಒತ್ತಿ ಹಿಡಿಯಬೇಕೆಂದು ಪುಸ್ತಕದಲ್ಲಿದೆ. ಹಾಗೆಯೇ ಹಿಡಿದೆ. ಮುಳ್ಳು ತಿರುಗಿ ನಿಂತಿತು.

"ನೂರಾ ಇಪ್ಪತ್ತು," ಎಂದೆ.

"ಅಂದ್ರ?"

"ಅಂದ್ರ ಪೂರ್ವ ಅಲ್ಲ. ಆಗ್ನೇಯದ ಕಡೆ ತಿರುಗೇತಿ."

ನಾನು ಹೇಳಿದ್ದು ಬರೀ ಲೆಕ್ಕ. ದೇವರಾಣೆಗೂ ಅದಕ್ಕಿಂತ ಹೆಚ್ಚಿಗೆ ಏನೂ ಹೇಳಲಿಲ್ಲ. ಆದರೆ ಮಾಮಾನ ನಗು ಬಾಯಿಂದ ಜಾರಿ ಬಿತ್ತು.

"ಆಗ್ನೇಯ ಅಂದ್ರ ಬೆಂಕಿ," ಎಂದು ಸಣ್ಣ ದನಿಯಲ್ಲಿ ಹೇಳಿದರು. "ಈ ವರ್ಷ ಬೋರಿನ ಮೋಟಾರ ಎರಡ ಸಲ ಸುಟ್ಟೈತಿ. ನಾ ವೋಲ್ಟೇಜ್ ಕಡಿಮಿ ಅಂತ ತಿಳಕೊಂಡಿದ್ದೆ."

ನೋಡಿ ನಮ್ಮವರ ಬುದ್ಧಿ. ಬಸವಣ್ಣನವರ ಒಕ್ಕಲು ಎಂದು ಎದೆ ತಟ್ಟಿಕೊಳ್ಳುವ ಮನೆತನ. ಹೊಸ ಗೋಡೆಯ ಮೇಲೆ ಎಲ್ಲಕ್ಕಿಂತ ಮೊದಲು ನೇತು ಹಾಕಿದ್ದೂ ಅವರ ಫೋಟೋವನ್ನೇ. ಅದರ ಎದುರಿಗೆ ಕೂತು, ಇನ್ನೂ ಯಾರೂ ವಾಸವಿಲ್ಲದ ಮನೆಯ ಬಾಗಿಲು ಮೂರು ಮೈಲಿ ದೂರದ ಹೊಲದ ಮೋಟಾರು ಸುಟ್ಟಿತು ಎಂದು ನಂಬಿದರು. ನಾನು ವಿಮಾನ ಇಳಿಸಿದೆ ಎಂದರೆ ಮಾತ್ರ ನಂಬುವುದಿಲ್ಲ.

ಸಿದ್ರಾಯ ಸುಮ್ಮನಿರದೆ ಜೇಬಿನಿಂದ ಫೋನು ತೆಗೆದ. "ತಡೀರಿ, ಇದರಾಗೂ ಕಂಪಾಸ್ ಐತಿ. ನೋಡ್ರಿ, ತೊಂಬತ್ತೆರಡ ತೋರಿಸಾಕತ್ತೈತಿ. ಪೂರ್ವನ ಐತಿ."

"ಹಿಡಿಯಾಕ ಬರಬೇಕು," ಎಂದೆ. "ತಾ ಇಲ್ಲಿ."

ಫೋನನ್ನು ಇಸಿದುಕೊಂಡು ಶಾಸ್ತ್ರೋಕ್ತವಾಗಿ ಎದೆಗೆ ಒತ್ತಿ ಹಿಡಿದೆ. ಮುಳ್ಳು ಮೆಲ್ಲಗೆ ತಿರುಗಿ ನೂರಾ ಹದಿನೆಂಟಕ್ಕೆ ಬಂದು ನಿಂತಿತು. ಮೂವರೂ ಬಾಯಿ ಮೇಲೆ ಕೈ ಇಟ್ಟುಕೊಂಡರು. ಸಿದ್ರಾಯನ ಕೈಯಲ್ಲಿ ಸುಳ್ಳು ಹೇಳಿದ ಫೋನು ನನ್ನ ಕೈಗೆ ಬಂದ ಕೂಡಲೇ ಖರೆ ಹೇಳಿತ್ತು.

"ಸರ್ರ, ನಮ್ಮನೀದೂ ಒಂದೀಟ ನೋಡ್ರಿ," ಎಂದ ಸಿದ್ರಾಯ. ಐದು ನಿಮಿಷದ ಹಿಂದೆ ಮೂಗಿನಲ್ಲಿ ಚಹಾ ತಂದುಕೊಂಡವನು ಈಗ 'ಸರ್ರ' ಎನ್ನುತ್ತಿದ್ದ.

ಅವನ ಬಾಗಿಲು ನೂರಾ ಮೂವತ್ತೈದು ಬಂತು. ಎರಡೂ ಒಂದೇ ಸಾಲಿನ ಮನೆ, ನಡುವೆ ಒಂದೇ ಗೋಡೆ. ಒಂದು ನೂರಿಪ್ಪತ್ತು, ಇನ್ನೊಂದು ನೂರಾ ಮೂವತ್ತೈದು. ಬೇರೆ ಯಾರಾದರೂ ಆಗಿದ್ದರೆ ಅನುಮಾನ ಪಡುತ್ತಿದ್ದರು. ನಾನು ಗೌಂಡಿಯನ್ನು ಬೈದೆ.

"ಏನ್ ಯಲ್ಲಾರಿ, ದಾರ ಹಿಡಿದ ಕಟ್ಟಿದಿಯೋ, ಕಣ್ಣ ಮುಚ್ಚಿ ಕಟ್ಟಿದಿಯೋ?"

ಯಲ್ಲಾರಿ ತಲೆ ಕೆರೆದುಕೊಂಡ. ಬೈಸಿಕೊಂಡರೂ ಅವನ ಕಣ್ಣಲ್ಲಿ ಹೊಳಪು ಬಂದಿತ್ತು. ಅದು ಏಕೆಂದು ನನಗೆ ಬುಧವಾರ ತಿಳಿಯಿತು.

ಆ ದಿನ ನಾನು ಸಂಕೇಶ್ವರಕ್ಕೆ ಹೋಗಲೇ ಇಲ್ಲ. ಓಣಿಯವರು ಬಿಡಲಿಲ್ಲ. ಏಳು ಮನೆ ನೋಡಿದೆ, ಏಳು ಕಪ್ಪು ಚಹಾ ಕುಡಿದೆ. ಒಂದೇ ಒಂದು ಬಾಗಿಲೂ ಪೂರ್ವಕ್ಕೆ ಇರಲಿಲ್ಲ. ಹುಕ್ಕೇರಿಯಲ್ಲಿ ಆ ದಿಕ್ಕೇ ಇಲ್ಲವೇನೋ ಎಂದು ನನಗೂ ಅನ್ನಿಸಿತು. ಹೊರಡುವಾಗ ಅಕ್ಕ ಅಡುಗೆಮನೆಯಿಂದ ಬಂದು ಏನಾಯಿತೆಂದು ಕೇಳಿದಳು. ಮಾಮಾ, "ಏನಿಲ್ಲ, ನೀ ಒಳಗ ಹೋಗ," ಎಂದರು. ನನಗಾಗ ಅರ್ಥವಾಗಬೇಕಿತ್ತು. ಆದರೆ ಐವತ್ತೆರಡು ವರ್ಷದಲ್ಲಿ ಮೊದಲ ಸಲ ಒಂದಿಡೀ ಓಣಿ ನನ್ನನ್ನು ಬಸ್ಸಿನವರೆಗೆ ಕಳಿಸಿಕೊಡಲು ಬಂದಿತ್ತು. ಆ ಅಬ್ಬರದಲ್ಲಿ ಬುದ್ಧಿ ಎಲ್ಲಿಂದ ಬರಬೇಕು?

ಬುಧವಾರ ಬೆಳಿಗ್ಗೆ ಶೋಭಾ ಒಗೆಯುವ ಬಟ್ಟೆ ಆರಿಸುತ್ತಿದ್ದಳು. ಒಳಗಿನಿಂದ ಕೂಗಿದಳು.

"ಏನ್ರಿ, ಇಲ್ಲಿ ಬಂದ ನೋಡ್ರಿ. ಗೂಟ ಇಲ್ಲ, ಮೊಳಿ ಇಲ್ಲ, ನಿಮ್ಮ ಅಂಗಿ ಕಪಾಟಿಗೆ ಜೋತ ಬಿದ್ದೈತಿ."

ಹೋಗಿ ನೋಡಿದೆ. ಸೋಮವಾರದ ಅಂಗಿ ಕಬ್ಬಿಣದ ಕಪಾಟಿನ ಬಾಗಿಲಿಗೆ ಜೇಬಿನಿಂದ ಅಂಟಿಕೊಂಡು ತೂಗುತ್ತಿತ್ತು. ದಿಕ್ಸೂಚಿ ತಂದು ಆ ಜೇಬಿನ ಹತ್ತಿರ ಹಿಡಿದೆ. ಆಕಳ ಕೆಚ್ಚಲಿಗೆ ಕರು ತಿರುಗುವ ಹಾಗೆ ಮುಳ್ಳು ಜೇಬಿನ ಕಡೆ ತಿರುಗಿತು. ನಾನು ಹುಕ್ಕೇರಿಯ ಬಾಗಿಲುಗಳನ್ನು ಅಳೆದಿರಲಿಲ್ಲ, ನನ್ನ ಜೇಬನ್ನು ಅಳೆದಿದ್ದೆ.

ಕೂಡಲೇ ಮಾಮಾಗೆ ಫೋನು ಮಾಡಿದೆ. ಆ ಕಡೆಯಿಂದ ಧಡ್ ಧಡ್ ಎಂದು ಸಪ್ಪಳ ಕೇಳುತ್ತಿತ್ತು.

"ಮಾಮಾ, ಬಾಗಲ ಕೆಡವಬ್ಯಾಡ್ರಿ."

"ಏನಂದಿ? ಒಂದೂ ಕೇಳವಲ್ತು. ಬಾಗಲ ಕೆಡವಾಕತ್ತಾರ, ಸಪ್ಪಳ ಭಾಳ ಐತಿ. ಆಮ್ಯಾಲ ಮಾಡ." ಫೋನು ಇಟ್ಟರು.

ಮೂಡಲಗಿಯಿಂದ ಹುಕ್ಕೇರಿಗೆ ನನ್ನ ವಿಮಾನದಲ್ಲಿ ಹನ್ನೆರಡು ನಿಮಿಷದ ದಾರಿ. ಬಸ್ಸಿನಲ್ಲಿ ಎರಡೂವರೆ ತಾಸು ಹಿಡಿಯಿತು. ಗೋಕಾಕದಲ್ಲಿ ಬಸ್ಸು ಬದಲಿಸುವಾಗ ಡ್ರೈವರ್ ನಿಧಾನವಾಗಿ ಭಜಿ ತಿಂದು, ಕೈ ತೊಳೆದು, ಎಲೆ ಹಾಕಿಕೊಂಡು ಹತ್ತಿದ. ಅವನಿಗೇನು, ಅವನ ಅಕ್ಕನ ಮನೆ ಕೆಡವುತ್ತಿರಲಿಲ್ಲ.

ಇಳಿದು ಓಡಿ ಹೋಗಿ ನೋಡುತ್ತೇನೆ, ಮಾಮಾನ ಮನೆಯ ಮುಂಬಾಗಿಲಿನ ಜಾಗದಲ್ಲಿ ಲಾರಿ ಹೋಗುವಷ್ಟು ಕಿಂಡಿ. ಸಾಗವಾನಿಯ ಚೌಕಟ್ಟು ಅಂಗಳದಲ್ಲಿ ಅಂಗಾತ ಮಲಗಿತ್ತು. ಸಿದ್ರಾಯನದೂ ಕಿತ್ತಾಗಿತ್ತು. ಉಳಿದ ಐದು ಮನೆಯವರು ಸರದಿಗಾಗಿ ಕಾಯುತ್ತಿದ್ದರು. ಯಲ್ಲಾರಿ ಎಂಟು ಆಳು ಹಚ್ಚಿದ್ದ. ಕಟ್ಟುವಾಗ ಮೂವರಿದ್ದರು.

ರಸ್ತೆಯ ಮೇಲೆ ಇಟ್ಟಂಗಿಯ ರಾಶಿ ಬಿದ್ದದ್ದರಿಂದ ಯಾರೋ ದೂರು ಕೊಟ್ಟಿದ್ದರು. ಮನೆಗಳಿಗೆ ಪರವಾನಗಿ ಕೊಡುವ ಕಚೇರಿಯಿಂದ ಈಶ್ವರ ಸಾಹೇಬರು ಎಂಬವರು ಆಗತಾನೇ ಬೈಕು ನಿಲ್ಲಿಸಿ ಗುಡುಗುತ್ತಿದ್ದರು.

"ಯಾರ ಕೇಳಿ ಕೆಡವಾಕತ್ತೀರಿ? ಪರವಾನಗಿ ಎಲ್ಲೈತಿ? ಈ ಇಟ್ಟಂಗಿ ಯಾರ ತಗೀತಾರ?"

ನನಗೆ ಜೀವ ಬಂತು. ಸರಕಾರವೇ ಬಂದಿದೆ, ಇನ್ನು ನಿಲ್ಲುತ್ತದೆ ಎಂದುಕೊಂಡೆ. ಮಾಮಾ ಕೈ ಮುಗಿದು ನನ್ನ ಕಡೆ ತೋರಿಸಿದರು.

"ಸಾಹೇಬ್ರ, ಇಂವಾ ನನ್ನ ಹೇಣ್ತಿ ತಮ್ಮ, ಶ್ರೀಶೈಲ ಅಂತ. ಪೈಲಟ್ ಅದಾನ. ಇಡೀ ಓಣಿ ಆಗ್ನೇಯಕ್ಕ ತಿರುಗೇತಿ ಅಂತ ಅಂವನ ಕಂಡ ಹಿಡದಾನ."

ಎರಡು ದಿನದ ಹಿಂದೆ ಕಬ್ಬಿನಲ್ಲಿ ವಿಮಾನ ನಿಲ್ಲಿಸಿ ಬಂದವನು ಇಂದು ಪೈಲಟ್. ಸಾಹೇಬರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ತೋಳು ಹಿಡಿದು ಮರಳಿನ ರಾಶಿಯ ಹಿಂದೆ ಕರೆದುಕೊಂಡು ಹೋದರು. ದನಿ ಇಳಿಸಿದರು.

"ಕಚೇರಿಯಾಗ ನನ್ನ ಟೇಬಲ್ಲ ಒಂದ ನೋಡಿ ಹೇಳ್ತೀರೇನ್ರಿ? ನಾಕ ವರ್ಷಾತು, ಬೆಳಗಾವಿಗೆ ವರ್ಗ ಕೇಳಾಕತ್ತೇನಿ. ಕಾಗದ ಹೋಗತೈತಿ, ವಾಪಸ್ ಬರತೈತಿ."

ನನ್ನ ಸಹನೆ ಅಲ್ಲಿಗೆ ಮುಗಿಯಿತು. ಇಟ್ಟಂಗಿಯ ರಾಶಿಯ ಮೇಲೆ ಹತ್ತಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ನನ್ನ ಜೇಬಿನಲ್ಲಿ ಅಯಸ್ಕಾಂತ ಇತ್ತು, ಮುಳ್ಳು ಅದಕ್ಕೇ ತಿರುಗಿತ್ತು, ನಿಮ್ಮ ಬಾಗಿಲುಗಳೆಲ್ಲ ಪೂರ್ವಕ್ಕೇ ಇದ್ದವು, ತಪ್ಪು ನನ್ನದು ಎಂದೆ. ಅಯಸ್ಕಾಂತ ತೆಗೆದು ತೋರಿಸಿದೆ. ಸಿದ್ರಾಯನ ಫೋನು ಇಸಿದುಕೊಂಡು, ಅಯಸ್ಕಾಂತ ಹತ್ತಿರ ತಂದರೆ ನೂರಿಪ್ಪತ್ತು, ದೂರ ಒಯ್ದರೆ ತೊಂಬತ್ತೆರಡು ಎಂದು ನಾಲ್ಕು ಸಲ ಮಾಡಿ ತೋರಿಸಿದೆ. ಶಾಲೆಯಲ್ಲಿ ಐದನೇ ಇಯತ್ತೆಯ ಹುಡುಗರಿಗೂ ಅರ್ಥವಾಗುವಂಥದು.

ಸಿದ್ರಾಯ ನನ್ನ ಕೈಯಿಂದ ಫೋನು ಕಸಿದುಕೊಂಡ.

"ಸೋಮವಾರ ಖರೆ ಹೇಳಿದ್ದ ಫೋನ ಇವತ್ತ ಯಾಕ ಕೆಡಸ್ತೀರಿ ಸರ್ರ? ಬಾಗಲ ಕಿತ್ತ ಒಂದ ತಾಸಿನ್ಯಾಗ ನನ್ನ ಆಡ ಈದೈತಿ. ಎರಡ ಮರಿ. ನಾಕ ದಿನದಿಂದ ಒದ್ದಾಡಾಕತ್ತಿತ್ತು."

"ಆಡು ಈಯೂ ಹೊತ್ತಾಗಿತ್ತು, ಈದೈತಿ."

"ಹಂಗಂದ್ರ ಹೆಂಗ್ರಿ? ಬಾಗಲ ಕಿತ್ತ ಮ್ಯಾಲ ಈದೈತಿ."

ಯಲ್ಲಾರಿ ನನ್ನ ಹತ್ತಿರ ಬಂದು ಕೈ ಮುಗಿದ. "ಸರ್ರ, ನೀವ್ ದೊಡ್ಡ ಮನುಷ್ಯಾರ. ಬಡ ಗೌಂಡಿಗೆ ಪಾಪ ತಟ್ಟಬಾರದು ಅಂತ ತಪ್ಪ ನಿಮ್ಮ ಮ್ಯಾಲ ಹಾಕ್ಕೊಳ್ಳಾಕತ್ತೀರಿ. ಬ್ಯಾಡ್ರಿ. ನಾನ ಸೊಟ್ಟ ಕಟ್ಟೀನಿ, ನಾನ ನೆಟ್ಟಗ ಮಾಡ್ತೀನಿ." ಸೊಟ್ಟ ಕಟ್ಟಿದೆನೆಂದು ಇಷ್ಟು ಸಂತೋಷದಿಂದ ಒಪ್ಪಿಕೊಂಡ ಗೌಂಡಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಾಮಾ ಮಾತ್ರ ಸಿಟ್ಟಾಗಿದ್ದರು. "ನನಗ ಗೊತ್ತೈತೋ ನಿನ್ನ ಆಟ. ಮುಹೂರ್ತ ತಪ್ಪತೈತಿ ಅಂತ ರಾತ್ರಿ ನಿಮ್ಮಕ್ಕ ಅತ್ತಾಳ. ಅದಕ್ಕ ಓಡಿ ಬಂದು ಸುಳ್ಳ ಹೇಳಾಕತ್ತಿ. ಅಕ್ಕನ ಮ್ಯಾಲ ಮಾಯಾ ಇರಲಿ, ಬ್ಯಾಡ ಅನ್ನಾಂಗಿಲ್ಲ. ಹಂಗಂತ ಬೆಂಕಿಯಾಗ ದೂಡಬ್ಯಾಡ."

ನೀವೇ ಹೇಳಿ, ಇದಕ್ಕೆ ಏನೆನ್ನಬೇಕು? ನಲವತ್ತೊಂದು ಸಲ ವಿಮಾನ ಇಳಿಸಿದೆ, ನಂಬಲಿಲ್ಲ. ದಡ್ಡಿಯ ನೆತ್ತಿಯ ಮೇಲೆ ತಂದು ನಿಲ್ಲಿಸಿದೆ, ನಂಬಲಿಲ್ಲ. ಜನ್ಮದಲ್ಲಿ ಒಂದೇ ಒಂದು ತಪ್ಪು ಲೆಕ್ಕ ಹೇಳಿದೆ, ಅದನ್ನು ಇಡೀ ಓಣಿ ಕಣ್ಣಿಗೆ ಒತ್ತಿಕೊಂಡು ಗೋಡೆ ಒಡೆಯಿತು. ಈಗ ನಾನೇ ನಿಂತು ನಾನು ಹೇಳಿದ್ದು ಸುಳ್ಳು ಎಂದರೆ, ನನ್ನ ಮಾತಿನ ಮೇಲೆ ನನಗಿಂತ ಅವರಿಗೇ ಹೆಚ್ಚು ವಿಶ್ವಾಸ.

ಕಿಂಡಿ ದಾಟಿ ಅಡುಗೆಮನೆಗೆ ಹೋದೆ. ಅಕ್ಕ ಮೂಟೆ ಕಟ್ಟಿದ ಪಾತ್ರೆಗಳ ನಡುವೆ ಮೊಣಕಾಲು ನೀವಿಕೊಳ್ಳುತ್ತಾ ಕೂತಿದ್ದಳು. ಕಣ್ಣು ಕೆಂಪಾಗಿದ್ದವು. ಅವಳ ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ.

"ಖರೆ ಹೇಳ ತಮ್ಮಾ. ತಪ್ಪ ನಿಂದೇನು?"

"ನಂದ ಅಕ್ಕಾ."

ಅವಳು ನನ್ನ ಮುಖವನ್ನು ತುಂಬಾ ಹೊತ್ತು ನೋಡಿದಳು. "ಸಣ್ಣಂವ ಇದ್ದಾಗಿಂದ ನೀ ಒಂದ ತಪ್ಪ ಒಪ್ಪಿಕೊಂಡಾಂವ ಅಲ್ಲ. ಈಗ ಒಪ್ಪಿಕೊಳ್ಳಾಕತ್ತಿ ಅಂದ್ರ ಖರೇನ ಇರಬೇಕು."

ಇಡೀ ಹುಕ್ಕೇರಿಯಲ್ಲಿ ನನ್ನನ್ನು ನಂಬಿದವಳು ಅವಳೊಬ್ಬಳೇ. ನಂಬಿದ ಕಾರಣ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಆದರೆ ವಾದ ಮಾಡುವ ಹೊತ್ತು ಅದಾಗಿರಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ನಾಳೆ ಬರಬೇಕಾದ ಅಡುಗೆಯವರಿಗೆ ಬೇಡ ಎಂದು ಯಾರಾದರೂ ಹೇಳಿದ್ದಾರೆಯೇ ಎಂದು ಕೇಳಿದಳು. ಇಲ್ಲ ಎಂದೆ. "ಹೇಳಬ್ಯಾಡ," ಎಂದಳು.

ಗುರುವಾರ ನಸುಕಿನಲ್ಲೇ ಅಡುಗೆಯವರು ಹಿತ್ತಲಲ್ಲಿ ಗೋಧಿ ಹುಗ್ಗಿ ಇಟ್ಟಿದ್ದರು. ಅಯ್ಯನವರೂ ಬಂದು ಕೂತಿದ್ದರು. ಮಾಮಾ ಕಿಂಡಿಯ ಮುಂದೆ ಅಡ್ಡ ನಿಂತು, ಕಾರ್ಯ ಶ್ರಾವಣಕ್ಕೆ ಹೋಯಿತೆಂದು ಬಂದವರಿಗೆಲ್ಲ ಹೇಳುತ್ತಿದ್ದರು. ಯಲ್ಲಾರಿ ಸುತ್ತಿಗೆ ಹಿಡಿದು ಹೊಸ ದಿಕ್ಕಿನ ಅಪ್ಪಣೆಗೆ ಕಾಯುತ್ತಿದ್ದ. ಅಷ್ಟರಲ್ಲಿ ಅಕ್ಕ ಬಂದಳು. ಹೊಸ ಇಳಕಲ್ ಸೀರೆ, ಕೈಯಲ್ಲಿ ಹಾಲಿನ ಪಾತ್ರೆ, ಹಿಂದೆ, ರಾತ್ರಿಯ ಬಸ್ಸಿಗೆ ಬಂದು ದೀಪ ಹಿಡಿದ ಶೋಭಾ, ಅವಳ ಹಿಂದೆ ಓಣಿಯ ಹೆಣ್ಣುಮಕ್ಕಳು.

"ಎಲ್ಲಿ ಬರ್ತಿ?" ಎಂದರು ಮಾಮಾ. "ಕಾಣಸವಲ್ತೇನ? ಬಾಗಲ ಇಲ್ಲ."

"ಇಲ್ಲಲ್ಲ?" ಎಂದಳು ಅಕ್ಕ. "ಇಲ್ಲದ ಬಾಗಲಕ್ಕ ಯಾವ ದಿಕ್ಕು? ಬಾಗಲ ಇದ್ದಾಗ ಆಗ್ನೇಯ ಇತ್ತೋ ಏನ ಇತ್ತೋ, ಅದನ್ನ ನೀವ ಕಿತ್ತ ಒಗದೀರಿ. ಈಗ ಗ್ವಾಡಿಯಾಗ ಒಂದ ತೂತ ಐತಿ ಅಷ್ಟ. ತೂತಿಗೆ ವಾಸ್ತು ಎಲ್ಲೈತಿ? ಅಯ್ಯನವರ, ಹೌದಲ್ರಿ?"

ಅಯ್ಯನವರು ಬಹಳ ಹೊತ್ತು ಯೋಚಿಸಿದರು. ಹಿತ್ತಲಿನಿಂದ ಹುಗ್ಗಿಯ ವಾಸನೆ ಬರುತ್ತಿತ್ತು. "ಹೌದವ್ವಾ," ಎಂದರು.

ಅಕ್ಕ ಇಟ್ಟಂಗಿಯ ಚೂರುಗಳ ಮೇಲೆ ಬಲಗಾಲು ಇಟ್ಟು ಒಳಗೆ ಹೋದಳು. ಮೊಣಕಾಲು ನೋಯುತ್ತಿತ್ತೋ ಏನೋ, ತೋರಿಸಲಿಲ್ಲ. ಪಡಸಾಲೆಯ ನಡುವೆ ಒಲೆ ಹಚ್ಚಿ ಹಾಲು ಇಟ್ಟಳು. ಹಾಲು ಉಕ್ಕುವ ಹೊತ್ತಿಗೆ ಎದುರಿನ ಕಬ್ಬಿನ ತೋಟದ ಮೇಲಿಂದ ಹೊತ್ತು ಮೂಡಿತು. ಬಿಸಿಲು ಆ ದೊಡ್ಡ ಕಿಂಡಿಯಿಂದ ಒಳಗೆ ಬಂದು ಹಾಲಿನ ಮೇಲೆ, ಅಕ್ಕನ ಮುಖದ ಮೇಲೆ, ಬಸವಣ್ಣನವರ ಫೋಟೋದ ಮೇಲೆ ಬಿತ್ತು. ಎಲ್ಲರೂ ಹಾಲು ನೋಡಿದರು, ಸೂರ್ಯನನ್ನು ನೋಡಿದರು, ಮತ್ತೆ ಹಾಲು ನೋಡಿದರು.

"ಇದು ಪೂರ್ವ ಐತೆಲ್ರಿ," ಎಂದ ಸಿದ್ರಾಯ.

"ವರ್ಷಾತು, ಈ ಗ್ವಾಡಿಗೆ ನೀರ ಹೊಡಿಯಾಕ ದಿನಾ ಮುಂಜಾನೆ ಬಂದೀನಿ," ಎಂದಳು ಅಕ್ಕ, ಒಲೆಯಿಂದ ಕಣ್ಣು ಎತ್ತದೆ. "ದಿನಾ ಇಲ್ಲೇ ಕಣ್ಣಾಗ ಬಿಸಲ ಹೊಡೀತಿತ್ತು. ಕಂಪಾಸ್ ಕೇಳಿದ್ರಿ, ಫೋನ್ ಕೇಳಿದ್ರಿ. ನನ್ನ ಯಾರರೆ ಕೇಳಿದ್ರೇನು?"

ಮಾಮಾ ನಿಧಾನಕ್ಕೆ ಹೊರಗೆ ಹೋಗಿ, ಅಂಗಳದಲ್ಲಿ ಮಲಗಿದ್ದ ಚೌಕಟ್ಟನ್ನು ಮೊದಲಿದ್ದ ಹಾಗೆಯೇ ನಿಲ್ಲಿಸಲು ಯಲ್ಲಾರಿಗೆ ಹೇಳಿದರು. ಯಲ್ಲಾರಿಯ ಮುಖ ಇಳಿಯಿತು. ಅಕ್ಕ ಹುಗ್ಗಿ ತರಿಸಿ ಎಲ್ಲರಿಗೂ ಬಡಿಸತೊಡಗಿದಳು.

ಆಗ ನಾನು ನೆಲ ನೋಡಿದೆ. ಬಿಸಿಲು ನೇರವಾಗಿ ಬಿದ್ದಿರಲಿಲ್ಲ. ಸ್ವಲ್ಪ ಓರೆಯಾಗಿತ್ತು. ಯಾರೂ ಗಮನಿಸಿರಲಿಲ್ಲ, ನನ್ನ ಕಣ್ಣಿಗೆ ಮಾತ್ರ ಬಿತ್ತು. ಇದನ್ನು ನೋಡಿ ಪೂರ್ವವೆಂದು ನಿರ್ಧಾರ ಮಾಡುವುದು ಶಾಸ್ತ್ರಕ್ಕೆ ವಿರುದ್ಧ. ವಿದ್ಯೆ ಇದ್ದವನು ಸುಮ್ಮನಿರುವುದು ತಪ್ಪು.

"ಮಾಮಾ," ಎಂದೆ, "ಖರೆ ಹೇಳಬೇಕಂದ್ರ, ಮೇ ತಿಂಗಳದಾಗ ಸೂರ್ಯ ಪೂರ್ವಕ್ಕ ಹುಟ್ಟಾಂಗಿಲ್ಲ, ಅಂವಾ..."

ಮಾಮಾ ನಿಂತಲ್ಲೇ ನಿಂತರು. ಸಿದ್ರಾಯ ಫೋನು ತೆಗೆದ. ಯಲ್ಲಾರಿಯ ಮುಖ ಮತ್ತೆ ಅರಳಿ ಕೈ ಸುತ್ತಿಗೆಯ ಕಡೆ ಹೋಯಿತು. ಅಕ್ಕ ಒಂದೇ ಹೆಜ್ಜೆಗೆ ಬಂದು, ಒಂದು ಸೌಟು ಕುದಿಯುವ ಹುಗ್ಗಿಯನ್ನು ನನ್ನ ಬಾಯಿಗೆ ತುರುಕಿದಳು.

ನಾಲಿಗೆ ಸುಟ್ಟು ಮೂರು ದಿನ ಯಾವುದಕ್ಕೂ ರುಚಿ ಇರಲಿಲ್ಲ. ಆಡಬೇಕಾದ ಮಾತು ಹುಗ್ಗಿಯ ಜೊತೆ ಹೊಟ್ಟೆಗೆ ಹೋಯಿತು. ಹಾಗಂತ ಲೆಕ್ಕ ಸುಳ್ಳಾಗುತ್ತದೆಯೇ? ಅವರಿಗೆ ಬೇಡವಾದರೆ ಬೇಡ, ನೀವಾದರೂ ಕೇಳಿಸಿಕೊಳ್ಳಿ: ಪೂರ್ವದಿಂದ ಹದಿನೆಂಟು ಡಿಗ್ರಿ, ಉತ್ತರಕ್ಕೆ.